ಕಡಲಾಚೆಯ ಹಣ ಮುಂಬಾಗಿಲಿನಿಂದಲೇ ಬರಲಿ

ಯಾದಗಿರಿ ತಾಲೂಕಿನ ರಾಮಸಮುದ್ರದಂತಹ ಊರಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತ ಸಹೋದರಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ಅವರು ಕಸೂತಿ ಹಾಕಿದ ದುಪಟ್ಟಾದ ಚಿತ್ರವನ್ನು ಮೊಬೈಲಿನಲ್ಲಿ ನೋಡಿದ ಲಂಡನ್ನಿನ ಕುಟುಂಬವೊಂದು ಹತ್ತು ದುಪಟ್ಟಾ ಬೇಕೆನ್ನುತ್ತದೆ. ಸಂತೋಷದ ಬೆನ್ನಿಗೇ ಪ್ರಶ್ನೆ ಏಳುತ್ತದೆ: ಹಣ ಬರುವುದು ಹೇಗೆ? ಮನೆಯವರ ಬಳಿ ಉತ್ತರಗಳು ಸಿದ್ಧವಾಗಿವೆ. ದುಬೈಯಲ್ಲಿರುವ ಭಾವನ ಖಾತೆಗೆ ಹಾಕಿಸು, ಮನೆ ಖರ್ಚಿನ ಹಣವೆಂದು ಬರೆಸು, ಇಲ್ಲವೇ ಹವಾಲಾದವನಿಗೆ ಹೇಳು, ಬಾಗಿಲಿಗೇ ತಂದುಕೊಡುತ್ತಾನೆ.

ಈ ಉತ್ತರಗಳನ್ನು ನಾವು ಒಪ್ಪಲಾರೆವು.

ಹವಾಲಾ ಎಂಬ ಪದ ಫಿಕ್ಹ್ ಗ್ರಂಥಗಳಲ್ಲಿಯೂ ಇದೆಯಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಇದೆ, ನಿಜ. ಅಲ್ಲಿ ಅದು ಸಾಲದ ಹೊಣೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುವ ಬಹಿರಂಗ ಒಪ್ಪಂದ. ಹೆಸರು ಒಂದೇ ಎಂಬ ಮಾತ್ರಕ್ಕೆ ಇಂದಿನ ಗುಪ್ತ ದಂಧೆ ಅದರ ಮಾನ್ಯತೆಯನ್ನು ಪಡೆಯಲಾರದು. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ ಅದನ್ನು ನಿಷೇಧಿಸಿದೆ. ದಂಡವು ಮೊತ್ತದ ಮೂರು ಪಟ್ಟಿನವರೆಗೂ ಏರಬಹುದು. ಕುಟುಂಬದವರು ಕಳುಹಿಸುವ ಹಣಕ್ಕೆಂದೇ ಇರುವ, ಒಮ್ಮೆಗೆ 2,500 ಡಾಲರ್ ಮಿತಿಯ ಹಣ ವರ್ಗಾವಣೆ ಯೋಜನೆಯ ಮೂಲಕವೂ ವ್ಯಾಪಾರದ ಹಣ ಪಡೆಯುವಂತಿಲ್ಲ. ಮಾರಿದ ವಸ್ತುವಿನ ಬೆಲೆಯನ್ನು ಮನೆ ಖರ್ಚೆಂದು ಬರೆಸುವುದು ಸುಳ್ಳಲ್ಲದೆ ಮತ್ತೇನು?

ಇನ್ನೊಂದು ಅನ್ಯಾಯ ನಮ್ಮ ಮನೆಯೊಳಗೇ ಇದೆ. ಶರೀಅತ್ ಸ್ತ್ರೀಗೆ ಆಕೆಯ ಸಂಪಾದನೆಯ ಮೇಲೆ ಪೂರ್ಣ ಒಡೆತನವನ್ನು ನೀಡಿದೆ. ಆದರೆ ಹಣ ಭಾವನ ಖಾತೆಗೆ ಹೋದರೆ ಆಕೆಯ ದುಡಿಮೆಗೆ ದಾಖಲೆಯೇ ಉಳಿಯದು. ನಾಳೆ ಸಾಲ ಕೇಳಿದಾಗ ಬ್ಯಾಂಕಿಗೆ ಆಕೆ ಏನನ್ನು ತೋರಿಸಬೇಕು?

ಹಾಗಾದರೆ ನೇರ ದಾರಿ ಇದೆಯೇ? ಇದೆ, ಮತ್ತು ಅದು ವರ್ಷದಿಂದ ವರ್ಷಕ್ಕೆ ವಿಶಾಲವಾಗುತ್ತಾ ಬಂದಿದೆ. 2010ರಲ್ಲಿ ಆನ್‌ಲೈನ್ ಪಾವತಿ ಸಂಸ್ಥೆಗಳ ಮೂಲಕ ರಫ್ತಿನ ಹಣ ಪಡೆಯಲು ರಿಸರ್ವ್ ಬ್ಯಾಂಕ್ ವಿಧಿಸಿದ್ದ ಮಿತಿ ಕೇವಲ 500 ಡಾಲರ್. 2013ರಲ್ಲಿ ಅದು 10,000 ಡಾಲರ್ ಆಯಿತು. 2023ರ ಅಕ್ಟೋಬರ್ 31ರ ಹೊಸ ನಿಯಮಗಳು ವಸ್ತುವೊಂದಕ್ಕೆ 25 ಲಕ್ಷ ರೂಪಾಯಿಯವರೆಗೆ ಅವಕಾಶ ನೀಡಿದವು. ಪೇಪಾಲ್ 2021ರ ಏಪ್ರಿಲ್ 1ರಿಂದ ದೇಶದೊಳಗಿನ ಪಾವತಿಯನ್ನು ನಿಲ್ಲಿಸಿತಾದರೂ ವಿದೇಶಿ ಗಿರಾಕಿಯ ಹಣವನ್ನು ಭಾರತದ ಮಾರಾಟಗಾರರಿಗೆ ತಲುಪಿಸುವ ಸೇವೆಯನ್ನು ಬಿಡಲಿಲ್ಲ.

ವಸ್ತು ಕಳುಹಿಸುವವರಿಗೆ ಬೇಕಾದುದು ಪ್ಯಾನ್, ಬ್ಯಾಂಕ್ ಖಾತೆ ಮತ್ತು ಆಮದು-ರಫ್ತು ಸಂಕೇತ ಸಂಖ್ಯೆ. ಈ ಸಂಖ್ಯೆಯ ಶುಲ್ಕ 500 ರೂಪಾಯಿ. ಪಾರ್ಸೆಲ್ ಕಳುಹಿಸಲು 2022ರಿಂದ ಅಂಚೆ ಇಲಾಖೆ ತೆರೆದ ಡಾಕ್ ಘರ್ ನಿರ್ಯಾತ್ ಕೇಂದ್ರಗಳು ದೇಶದಲ್ಲಿ ಸಾವಿರಕ್ಕೂ ಹೆಚ್ಚಿವೆ. ಹಣ ಬಂದಾಗ ಅದು ರಫ್ತಿನ ಹಣವೆಂದು ಬ್ಯಾಂಕಿಗೆ ಸರಿಯಾಗಿ ತಿಳಿಸಬೇಕು, ಬ್ಯಾಂಕಿನ ಪ್ರಮಾಣಪತ್ರವನ್ನೂ ಅಂಚೆಯ ರಸೀದಿಯನ್ನೂ ಜೋಪಾನವಾಗಿಡಬೇಕು. ವಸ್ತು ತಲುಪಲಿಲ್ಲವೆಂದು ಗಿರಾಕಿ ಹಣ ಹಿಂದಕ್ಕೆ ಕೇಳಿದರೆ ಆ ರಸೀದಿಯೇ ಸಾಕ್ಷಿ. ವ್ಯವಹಾರವನ್ನು ಬರೆದಿಡಿ ಎಂಬ ಕುರ್‌ಆನಿನ ಆದೇಶದ ವಿವೇಕ ಇಲ್ಲಿಯೇ ಅರ್ಥವಾಗುತ್ತದೆ.

ನೇರ ದಾರಿಯಲ್ಲಿ ಖರ್ಚಿದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಸಂಸ್ಥೆ ಶುಲ್ಕ ಪಡೆಯುತ್ತದೆ, ಡಾಲರನ್ನು ರೂಪಾಯಿಗೆ ಬದಲಿಸುವಾಗಲೂ ಒಂದಿಷ್ಟು ಕಳೆಯುತ್ತದೆ. ಅದನ್ನು ಮೊದಲೇ ವಿಚಾರಿಸಿ ಬೆಲೆಯಲ್ಲಿ ಸೇರಿಸುವುದು ವ್ಯಾಪಾರದ ಜಾಣ್ಮೆ. ಹವಾಲಾದ ಹಣ ಮುಳುಗಿದರೆ ಮಾತ್ರ ಯಾವ ಕಚೇರಿಯ ಬಾಗಿಲನ್ನೂ ತಟ್ಟುವಂತಿಲ್ಲ.

ಸರಕಾರದ ಹೊಣೆಯೂ ಕಡಿಮೆಯಲ್ಲ. ನಮ್ಮ ನೆರೆಯ ಬೀದರಿನ ಬಿದ್ರಿ ಕಲೆ 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆಯಿತು. 2023ರಲ್ಲಿ ಬಿದ್ರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ಗೌರವ ಸಂತೋಷದ ವಿಷಯವೇ. ಆದರೆ ಕುಶಲಕರ್ಮಿಗೆ ಬೇಕಾದುದು ವಿದೇಶದ ಬೆಲೆ ದಲ್ಲಾಳಿಯ ಕೈಗೆ ಸಿಗದೆ ತನ್ನ ಖಾತೆಗೇ ಬರುವ ವ್ಯವಸ್ಥೆ. 2009ರಲ್ಲಿ ಜಿಲ್ಲೆಯಾದ ಯಾದಗಿರಿಯಿಂದ ಯುವಕರು ಇಂದಿಗೂ ಕೂಲಿಗಾಗಿ ಬೆಂಗಳೂರು, ಮುಂಬೈಗಳಿಗೆ ಗುಳೆ ಹೋಗುತ್ತಿದ್ದಾರೆ. ಇಂತಹ ಜಿಲ್ಲೆಯ ಕೈಗಾರಿಕಾ ಕೇಂದ್ರವು ಈ ತಿಳಿವಳಿಕೆಯನ್ನು ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಹಳ್ಳಿಗೆ ಒಯ್ಯಬಾರದೇಕೆ?

ಜಮಾಅತಿನ ಹಿರಿಯರೂ ಕಾಯುತ್ತಾ ಕೂರಬೇಕಿಲ್ಲ. ಜುಮಾದ ಬಳಿಕ ಅರ್ಧ ಗಂಟೆ, ಲೆಕ್ಕ ಬಲ್ಲ ಪದವೀಧರನೊಬ್ಬ, ಬರುವ ಸ್ತ್ರೀಯರಿಗೆ ಪ್ರತ್ಯೇಕ ಆಸನ: ಆರಂಭಕ್ಕೆ ಇಷ್ಟು ಸಾಕು. ಹಲಾಲ್ ದುಡಿಮೆಯ ಹಣ ಹಿತ್ತಿಲ ಬಾಗಿಲಿನಿಂದ ಏಕೆ ಬರಬೇಕು? ದುಡಿದ ಕೈಗೆ, ಅದರ ಹೆಸರಿನಲ್ಲಿಯೇ ಅದು ಸೇರಲಿ.