ಗೃಹಸ್ಥರ ಪುಟ: ಕಂಠಸ್ವರಕ್ಕೊಂದು ಕಂಬಳಿಯ ಗೂಡು

ಕಳೆದ ಮಾಘಮಾಸದಲ್ಲಿ ನನ್ನ ಅಕ್ಕನವರು ಸಹಕಾರನಗರದ ನಮ್ಮ ಮನೆಗೆ ಬಂದಿದ್ದರು. ಅವರಿಗೆ 73 ವರ್ಷ. ನಮ್ಮ ತಾಯಿಯವರಿಂದ ಕಲಿತ ಹಸೆಯ ಹಾಡುಗಳು ಈಗ ಅವರ ಕಂಠದಲ್ಲಿ ಮಾತ್ರವೇ ಉಳಿದಿರುವುವು, ಯಾರೂ ಬರೆದಿಟ್ಟವರಿಲ್ಲ. ಅವರ ಕೊರಳಿನ ಗ್ರಂಥಿಗೆ ಶಸ್ತ್ರಚಿಕಿತ್ಸೆಯಾಗತಕ್ಕದ್ದೆಂದು ನಿಶ್ಚಯವಾಗಿ, ಮೂರು ವಾರಗಳ ಅವಧಿ ಮಾತ್ರ ಉಳಿದಿದ್ದಿತು. ಅನಂತರ ಸ್ವರವು ಮೊದಲಿನಂತೆಯೇ ಇರುವುದೆಂದು ಹೇಳಲಾಗದೆಂದು ವೈದ್ಯರು ಮುಂಚಿತವಾಗಿಯೇ ತಿಳಿಸಿದ್ದರು. ಆದುದರಿಂದ ಅಂದೇ ಧ್ವನಿಮುದ್ರಣಕ್ಕೆ ತೊಡಗಿದೆನು.

ಮೊದಲನೆಯ ಪ್ರಯತ್ನವು ನಿಷ್ಫಲವಾಯಿತು. ಮೂರನೆಯ ಅಂತಸ್ತಿನ ನಮ್ಮ ನಡುಮನೆಯಲ್ಲಿ ಮೊಬೈಲು ಫೋನನ್ನು ಮೇಜಿನ ಮೇಲಿಟ್ಟು ಹಾಡಿಸಿದೆನು. ಅದನ್ನು ಕೇಳಿದ ಅಕ್ಕನವರು, "ಇದೇನೋ ಪುಟ್ಟಾ, ಬಾವಿಯೊಳಗಿಂದ ಕೂಗಿದ ಹಾಗಿದೆಯಲ್ಲ!" ಎಂದರು. ಸಾಲದುದಕ್ಕೆ ಕೊಡಿಗೇಹಳ್ಳಿಯ ಕಡೆಯ ರೈಲಿನ ಸದ್ದು, ನೆರೆಮನೆಯ ಕುಕ್ಕರಿನ ಕೂಗು.

ಈ ಕಾರ್ಯದಲ್ಲಿ ಶತ್ರುಗಳು ಇಬ್ಬರು: ಒಳಗಿನ ಪ್ರತಿಧ್ವನಿ ಒಂದು, ಹೊರಗಿನ ಗದ್ದಲ ಇನ್ನೊಂದು. ಒಂದರ ಔಷಧವು ಇನ್ನೊಂದಕ್ಕೆ ಸಲ್ಲದು. ಹೊರಗಿನ ಸದ್ದನ್ನು ತಡೆಯಲು ಭಾರವಾದ, ಬಿರುಕಿಲ್ಲದ ಗೋಡೆಯೇ ಬೇಕು. ಅಂಗಡಿಯ ಒಂದಂಗುಲದ ಸ್ಪಂಜು ಅದನ್ನು ತಡೆಯಲಾರದು. ಪ್ರತಿಧ್ವನಿಯನ್ನಾದರೋ ಬಟ್ಟೆಯೇ ನುಂಗುವುದು. ವಿಜಯಪುರದ ಗೋಲಗುಮ್ಮಟದಲ್ಲಿ ಒಂದೇ ಚಪ್ಪಾಳೆ ಹಲವು ಸಾರಿ ಮರಳಿ ಕೇಳಿಸುವುದು ಕಠಿನವಾದ ಗೋಡೆಗಳಿಂದಲಷ್ಟೆ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ಉಪನ್ಯಾಸಮಂದಿರದಲ್ಲಿ ಮಾತೊಂದು ಸುಮಾರು ಐದೂವರೆ ಸೆಕೆಂಡುಗಳವರೆಗೆ ಮೊಳಗುತ್ತಿರಲು, ಸೇಬೈನ್ ಎಂಬ ವಿಜ್ಞಾನಿಯು ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ತರಿಸಿ ಹಾಸಿ, ಎಷ್ಟು ಮೆತ್ತೆಗೆ ಎಷ್ಟು ಮೊಳಗು ತಗ್ಗುವುದೆಂದು ಅಳೆದನು.

ಮನೆಯಲ್ಲಿ ಇಂತಹ ಕಾರ್ಯವು ಸಾಧ್ಯವೇ ಎಂದು ಕೆಲವರು ಶಂಕಿಸಬಹುದು. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನಾರಂಭಿಸಿದರು. ಆ ನಿಲಯದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಸಂದಿತು. ನಮಗೆ ಬೇಕಾದುದು ಅದರ ಒಂದು ಮೂಲೆಯಷ್ಟು ಮಾತ್ರ.

ಇನ್ನು ಕಟ್ಟುವ ಕ್ರಮ. ಕಿಟಕಿಯಿಂದ ದೂರವಾದ ಸಣ್ಣ ಕೋಣೆಯನ್ನು, ಸಾಧ್ಯವಾದರೆ ಬಟ್ಟೆಯ ಕಪಾಟಿರುವುದನ್ನು, ಆರಿಸಿಕೊಳ್ಳಬೇಕು. ಬಾಡಿಗೆಯ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿಲ್ಲ; ಆದುದರಿಂದ ತಾನಾಗಿ ನಿಲ್ಲುವ ಚೌಕಟ್ಟೇ ಮೇಲು. 20 ಅಡಿ ಉದ್ದದ ಪಿ.ವಿ.ಸಿ. ಕೊಳವೆ ಮೂರು, ಮೂರು ಬಾಯಿಯ ಮೂಲೆಯ ತುಂಡು ಎಂಟು ಇದ್ದರೆ, 4 ಅಡಿ ಉದ್ದ, 3 ಅಡಿ ಅಗಲ, 6½ ಅಡಿ ಎತ್ತರದ ಗೂಡಾಗುವುದು. ಅದರ ಸುತ್ತಲೂ, ಮೇಲೂ ದಪ್ಪನೆಯ ಕಂಬಳಿ, ರಜಾಯಿಗಳನ್ನು ಎರಡು ಪದರಗಳಾಗಿ, ನೆರಿಗೆ ಬರುವಂತೆ ತೂಗುಹಾಕಿ, ನೆಲಕ್ಕೆ ಜಮಖಾನೆ ಹಾಸಬೇಕು. ಕಂಬಳಿಯು ಗೋಡೆಗೆ ತಾಗದೆ ನಾಲ್ಕಂಗುಲ ದೂರದಲ್ಲಿರಲಿ. ಏಕೆಂದರೆ ಗೋಡೆಯ ಮೈಯಲ್ಲಿ ಗಾಳಿಯು ಅಲುಗದು. ಅಲುಗುವೆಡೆಯಲ್ಲಿ ಬಟ್ಟೆಯಿದ್ದರೆ ಮಾತ್ರ ಉಜ್ಜಿ ಶಬ್ದವನ್ನು ಶೋಷಿಸಬಲ್ಲದು. ಗಂಡಸರ ತಗ್ಗಿದ ದನಿಯ ಅಲೆಯು ಹನ್ನೊಂದಡಿಯಷ್ಟು ಉದ್ದವಿರಬಹುದಾದುದರಿಂದ, ಅಂತಹವರಿಗೆ ಬೆನ್ನ ಹಿಂದೆ ಹಾಸಿಗೆಯೊಂದನ್ನು ಮಡಿಸಿ ನಿಲ್ಲಿಸುವುದು ಒಳ್ಳೆಯದು. ಆಗ ಒಳಗೆ ನಿಂತು ಚಪ್ಪಾಳೆ ತಟ್ಟಿದರೆ ಬಾಲವಿಲ್ಲದೆ ಒಣಗಿದಂತೆ ಕೇಳಿಸಬೇಕು; ಅದೇ ಪರೀಕ್ಷೆ. ನಾವು ಹೊಸದಾಗಿ ಕೊಂಡ ಸಾಮಾನಿಗೆ 1,500 ರೂಪಾಯಿ ಮೀರಲಿಲ್ಲ, ಕಂಬಳಿಗಳು ಮನೆಯವೇ.

ಫೋನನ್ನಾಗಲಿ ಮೈಕನ್ನಾಗಲಿ ಬಾಯಿಗೆ ಒಂದು ಗೇಣು ದೂರದಲ್ಲಿ, ಉಸಿರು ನೇರವಾಗಿ ತಾಗದಂತೆ ತುಸು ಓರೆಯಾಗಿ ಇಡತಕ್ಕದ್ದು. ಪಾಣಿನೀಯ ಶಿಕ್ಷೆಯು ಅಧಮ ಪಾಠಕರ ಲಕ್ಷಣಗಳಲ್ಲಿ ಅವಸರವನ್ನೂ, ತಲೆಯಾಡಿಸುವುದನ್ನೂ, ಕ್ಷೀಣಸ್ವರವನ್ನೂ ಎಣಿಸಿದೆ. ಮೈಕಿನ ಮುಂದೆ ಈ ಮೂರೂ ತತ್ಕ್ಷಣವೇ ಬಯಲಾಗುವುವು. ಗೂಡಿನೊಳಗೆ ಸೆಕೆ ಹೆಚ್ಚು, ಗಾಳಿ ಕಡಮೆ. ಆದುದರಿಂದ ಹಾಡಿಗೊಮ್ಮೆ ಕಂಬಳಿಯನ್ನು ಸರಿಸಬೇಕು. ದೀಪ, ಊದುಬತ್ತಿಗಳನ್ನು ಒಳಗೆ ತರಲೇಕೂಡದು.

ಎರಡನೆಯ ಶತ್ರುವಿಗೆ ಕಾಲವೇ ಮದ್ದು. ಬೆಳಗಿನ ಜಾವ ನಾಲ್ಕೂವರೆಗೆ ಫ್ಯಾನು, ಫ್ರಿಜ್ಜುಗಳನ್ನು ನಿಲ್ಲಿಸಿ, ಬಳ್ಳಾರಿ ರಸ್ತೆಯ ಸಂಚಾರವು ಮೊದಲಾಗುವುದಕ್ಕೆ ಮುಂಚೆ ಐದು ದಿನಗಳಲ್ಲಿ ಹನ್ನೊಂದು ಹಾಡುಗಳನ್ನು ಹಿಡಿದೆವು. ನಾಲ್ಕನೆಯ ದಿನ ಅಕ್ಕನವರು ನಡುವೆ ನಿಲ್ಲಿಸಿ, "ಅಮ್ಮ ಇಲ್ಲಿ ಉಸಿರೆಳೆದುಕೊಳ್ಳುತ್ತಿದ್ದಳು ಕಣೋ" ಎಂದರು. ಆ ಮಾತನ್ನೂ ಅಳಿಸದೆ ಉಳಿಸಿರುವೆನು.

ಶಸ್ತ್ರಚಿಕಿತ್ಸೆಯು ಸುಖವಾಗಿ ನೆರವೇರಿತು. ಆದರೆ ಮೇಲಿನ ಸ್ವರಗಳು ಅವರಿಗೆ ಈಗ ಎಟುಕುತ್ತಿಲ್ಲ. ವೈಶಾಖದಲ್ಲಿ ನಡೆದ ಅವರ ಮೊಮ್ಮಗಳ ಮದುವೆಯಲ್ಲಿ ಹುಡುಗಿಯರು ಆ ಮುದ್ರಣವನ್ನು ಕೇಳಿ ಕಲಿತ ಹಸೆಯ ಹಾಡನ್ನು ಹೇಳಿದರು. ಒಂದೆಡೆ ತಪ್ಪಲು, ಅಕ್ಕನವರು ಕುಳಿತಲ್ಲಿಂದಲೇ ಕೈಯಾಡಿಸಿ ತಿದ್ದಿದರು. ವಾಚಕರ ಮನೆಯಲ್ಲಿಯೂ ಅಂತಹ ಕಂಠವೊಂದಿದ್ದರೆ, ಪೆಟ್ಟಿಗೆಯ ಕಂಬಳಿಗಳನ್ನು ಈ ಭಾನುವಾರವೇ ಹೊರತೆಗೆಯಬೇಕೆಂದು ಪ್ರಾರ್ಥಿಸುವೆನು.