ನಾವು ತಿನ್ನುವುದು ಏನೆಂದು ಪೊಟ್ಟಣ ಹೇಳಲಿ

ಮಳೆಗಾಲದಲ್ಲಿ ಗೋಕಾಕಕ್ಕೆ ಹೋಗುವ ಮಂಗಳೂರಿನವರು ಜಲಪಾತ ನೋಡಿ, ಒಂದೆರಡು ಕಿಲೋ ಕರದಂಟು ಕಟ್ಟಿಸಿಕೊಂಡು ಬಸ್ ಹತ್ತುತ್ತಾರೆ. ನಾವೂ ಅಷ್ಟಕ್ಕೇ ಹೋದವರು. ಸಂಬಂಧಿಕರೊಬ್ಬರು ಅಲ್ಲಿ ಬೇಕರಿ ನಡೆಸುತ್ತಾರೆ, ನಾಲ್ಕು ದಿನ ಅವರ ಮನೆಯಲ್ಲಿದ್ದೆವು. ಒಂದು ಸಂಜೆ ತರಕಾರಿ ತರಲು ಹೋದಾಗ ಜೊತೆಗಿದ್ದ ಉಮ್ಮ, ಊರಲ್ಲಿ ಮಾಡುವ ಹಾಗೆಯೇ, ಬದನೆಕಾಯಿಗಳನ್ನು ಒಂದೊಂದಾಗಿ ತಿರುಗಿಸಿ ತೂತು ಇದೆಯೇ ಎಂದು ನೋಡತೊಡಗಿದರು. ಒಂದರಲ್ಲೂ ಇಲ್ಲ. ಉಮ್ಮನಿಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚಾಯಿತು. "ಇದು ಆ ಬಿಟಿ ಬದನೆಯಾ?" ಎಂದು ಕೇಳಿದರು. ಮಾರುತ್ತಿದ್ದವನು ಮೂಡಲಗಿ ಕಡೆಯ ರೈತ. ನಕ್ಕುಬಿಟ್ಟ. "ಬಿಟಿ ಗಿಟಿ ಏನಿಲ್ರೀ ಅವ್ವಾರ, ಎಣ್ಣಿ ಹೊಡದೇವ್ರಿ" ಎಂದ.

ಕಾಯಿ ಹೊಳೆಯಲೆಂದು ಎಣ್ಣೆ ಸವರಿದ್ದಾರೆ ಎಂದು ಉಮ್ಮ ತಿಳಿದರು. ಆ ಕಡೆ 'ಎಣ್ಣಿ' ಎಂದರೆ ಕೀಟನಾಶಕ. ಬೆಳೆ ಮುಗಿಯುವುದರೊಳಗೆ ಎಷ್ಟು ಸಲ ಹೊಡೆಯುತ್ತೀರಿ ಎಂದು ಕೇಳಿದರೆ, "ಲೆಕ್ಕ ಇಟ್ಟಿಲ್ರಿ" ಎಂದ. ಕುಡಿ ಮತ್ತು ಕಾಯಿ ಕೊರೆಯುವ ಹುಳ ಒಮ್ಮೆ ಹತ್ತಿದರೆ ಅರ್ಧ ಹೊಲವೇ ಹೋಗುತ್ತದಂತೆ.

ನಮ್ಮ ಮನೆಗಳಲ್ಲಿ ಈ ಹೆದರಿಕೆ ಹೊಸದೇನಲ್ಲ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ವಾರಕ್ಕೊಮ್ಮೆಯಾದರೂ ಒಂದು ಸಂದೇಶ ಬರುತ್ತದೆ: ಬೀಜವಿಲ್ಲದ ಕಲ್ಲಂಗಡಿ ಜಿಎಂ, ಸ್ವೀಟ್ ಕಾರ್ನ್ ಜಿಎಂ, ದಪ್ಪ ಟೊಮೆಟೊ ಜಿಎಂ, ತಿಂದರೆ ಮಕ್ಕಳಿಗೆ ಕಾಯಿಲೆ. ಇದರಲ್ಲಿ ಹೆಚ್ಚಿನದು ಸುಳ್ಳು. ಭಾರತದಲ್ಲಿ ಇವತ್ತಿನವರೆಗೆ ರೈತರು ಕಾನೂನುಬದ್ಧವಾಗಿ ವಾಣಿಜ್ಯಕ್ಕಾಗಿ ಬೆಳೆಯುತ್ತಿರುವ ಕುಲಾಂತರಿ ಬೆಳೆ ಒಂದೇ, ಅದು ಬಿಟಿ ಹತ್ತಿ. ಗೋಕಾಕ, ಮೂಡಲಗಿಯ ಹೊಲಗಳಲ್ಲಿ ಆಳೆತ್ತರ ನಿಂತ ಗೋವಿನಜೋಳ ಹೈಬ್ರಿಡ್ ಇರಬಹುದು, ಜಿಎಂ ಅಲ್ಲ. ಹುಕ್ಕೇರಿಯ ಸೋಯಾಬೀನ್ ಕೂಡ ಅಲ್ಲ. ಎರಡು ತಳಿಗಳನ್ನು ಅಡ್ಡ ಹಾಯಿಸುವುದು ಹೈಬ್ರಿಡ್. ಬೇರೆ ಜೀವಿಯ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ತಂದು ಸೇರಿಸುವುದು ಕುಲಾಂತರಿ. ಈ ವ್ಯತ್ಯಾಸ ಗೊತ್ತಿಲ್ಲದೆ ನಾವು ಹಂಚುವ ಸಂದೇಶದಿಂದ ಪೆಟ್ಟು ಬೀಳುವುದು ಕಂಪೆನಿಗಳಿಗಲ್ಲ, ಸಂತೆಯಲ್ಲಿ ಕುಳಿತ ರೈತನಿಗೆ.

ಆದರೆ ಬಿಟಿ ಬದನೆ ನಮ್ಮ ತಟ್ಟೆಯ ಅಂಚಿನವರೆಗೆ ಬಂದಿತ್ತು ಎಂಬುದು ನಿಜ. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ವಂಶವಾಹಿಯನ್ನು ಬದನೆಗೆ ಸೇರಿಸಿದರೆ ಗಿಡವೇ ಹುಳಕ್ಕೆ ವಿಷವಾಗುವ ಪ್ರೋಟೀನ್ ತಯಾರಿಸುತ್ತದೆ. ಮಹಿಕೋ ಕಂಪೆನಿಯ ಈ ಬದನೆಗೆ ಕೇಂದ್ರದ ಕುಲಾಂತರಿ ಅನುಮೋದನಾ ಸಮಿತಿ 2009ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿದರು, ಕೊನೆಯದು ಬೆಂಗಳೂರಿನಲ್ಲಿ. 2010ರ ಫೆಬ್ರವರಿ 9ರಂದು ತಡೆ ಹಾಕಿದರು. ಆ ತಡೆ ಇನ್ನೂ ತೆರವಾಗಿಲ್ಲ.

ಈ ಕತೆಯ ಒಂದು ಭಾಗ ನಮ್ಮ ಕರಾವಳಿಗೆ ಅಷ್ಟಾಗಿ ಗೊತ್ತಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯ ಇದೇ ಯೋಜನೆಯಲ್ಲಿ ಕರ್ನಾಟಕದ ಸ್ಥಳೀಯ ಬದನೆ ತಳಿಗಳಿಗೂ ಆ ವಂಶವಾಹಿ ಸೇರಿಸುವ ಕೆಲಸ ಮಾಡಿತ್ತು. ಆ ತಳಿಗಳಲ್ಲಿ ಮೂಡಲಗಿಯ ಪಕ್ಕದ ರಾಯಬಾಗ ತಾಲೂಕಿನ ಕುಡಚಿ ಬದನೆ ಇತ್ತು, ರಬಕವಿ ಬದನೆ ಇತ್ತು, ನಮ್ಮ ಉಡುಪಿ ಗುಳ್ಳವೂ ಇತ್ತು. ಕೃಷ್ಣಾ ತೀರದವರು ಎಣ್ಣೆಗಾಯಿ ಮಾಡುವ ಬದನೆಯೂ ನಾವು ಸಾರಿಗೆ ಹಾಕುವ ಗುಳ್ಳವೂ ಒಂದೇ ಪಟ್ಟಿಯಲ್ಲಿ ಸೇರಿದ್ದು ಬೆಳೆದವರಿಗೇ ತಿಳಿದಿರಲಿಲ್ಲ. ತಳಿ ಬಳಸುವ ಮುನ್ನ ಜೀವವೈವಿಧ್ಯ ಕಾಯ್ದೆಯಂತೆ ಪಡೆಯಬೇಕಾದ ಅನುಮತಿ ಪಡೆದಿಲ್ಲ ಎಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ದೂರು ಕೊಟ್ಟಿತು. 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ಮುಂದಾಯಿತು, ಪ್ರಕರಣ ಧಾರವಾಡದ ನ್ಯಾಯಾಲಯಕ್ಕೆ ಹೋಯಿತು. ಮಟ್ಟು ಗುಳ್ಳಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದೂ ಅದೇ 2011ರಲ್ಲಿ.

ಹಾಗಾದರೆ ಕುಲಾಂತರಿ ಆಹಾರ ಅಪಾಯವೇ? ನಾವು ತಿಳಿದಷ್ಟನ್ನು ನೇರ ಹೇಳುತ್ತೇವೆ. ಮಾರುಕಟ್ಟೆಗೆ ಬಂದಿರುವ ಜಿಎಂ ಆಹಾರಗಳು ಸುರಕ್ಷತಾ ಪರೀಕ್ಷೆ ದಾಟಿಯೇ ಬಂದಿವೆ, ಅವುಗಳಿಂದ ಆರೋಗ್ಯಕ್ಕೆ ತೊಂದರೆಯಾಗುವ ಸಂಭವ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಿಎಂ ಜೋಳ ತಿಂದ ಇಲಿಗಳ ಮೈಮೇಲೆ ಗಡ್ಡೆ ಎದ್ದ ಚಿತ್ರ ಈಗಲೂ ಮೊಬೈಲ್‌ಗಳಲ್ಲಿ ಓಡಾಡುತ್ತದಲ್ಲ, 2012ರ ಆ ಫ್ರೆಂಚ್ ಅಧ್ಯಯನವನ್ನು ಪ್ರಕಟಿಸಿದ ಪತ್ರಿಕೆಯೇ ಮರುವರ್ಷ ಹಿಂದೆಗೆದುಕೊಂಡಿತು. ಬಾಂಗ್ಲಾದೇಶದ ರೈತರು 2014ರಿಂದ ಬಿಟಿ ಬದನೆ ಬೆಳೆಯುತ್ತಿದ್ದಾರೆ. ಲೆಕ್ಕವಿಲ್ಲದಷ್ಟು ಸಲ ಎಣ್ಣಿ ಹೊಡೆದ ಬದನೆಗಿಂತ ಅದು ವಾಸಿ ಎನ್ನುವವರ ಮಾತನ್ನು ಮೂಡಲಗಿಯ ಆ ರೈತನ ಎದುರು ನಿಂತು ತಳ್ಳಿಹಾಕಲು ನಮಗೆ ಬಾಯಿ ಬರಲಿಲ್ಲ.

ಹಾಗೆಂದು ಕೇಳುವುದೇ ತಪ್ಪು ಎನ್ನುವವರನ್ನೂ ನಾವು ಒಪ್ಪುವುದಿಲ್ಲ. ಅಮೆರಿಕದಲ್ಲಿ ಬ್ರೆಜಿಲ್ ನಟ್ ಎಂಬ ಬೀಜದ ವಂಶವಾಹಿಯನ್ನು ಸೋಯಾಕ್ಕೆ ಸೇರಿಸಿದಾಗ, ಆ ಬೀಜ ಆಗದವರಿಗೆ ಈ ಸೋಯಾವೂ ಅಲರ್ಜಿ ತರುತ್ತದೆ ಎಂದು ಪರೀಕ್ಷೆಯಲ್ಲಿ ಕಂಡು ಯೋಜನೆಯನ್ನೇ ಕೈಬಿಟ್ಟರು. ಪರೀಕ್ಷೆ ಮಾಡಿದ್ದರಿಂದಲೇ ಗೊತ್ತಾಯಿತು. 2000ದಲ್ಲಿ, ಜಾನುವಾರು ಮೇವಿಗೆ ಮಾತ್ರ ಅನುಮತಿಯಿದ್ದ ಸ್ಟಾರ್‌ಲಿಂಕ್ ಎಂಬ ಜೋಳ ಅದೇ ದೇಶದಲ್ಲಿ ಜನರು ತಿನ್ನುವ ತಿಂಡಿಯಲ್ಲಿ ಪತ್ತೆಯಾಯಿತು, ಅಂಗಡಿಗಳಿಂದ ಸರಕು ವಾಪಸು ತರಿಸಬೇಕಾಯಿತು. ನಮ್ಮಲ್ಲಿ ಬಿಟಿ ಬದನೆಯ ಸುರಕ್ಷತೆಯ ದಾಖಲೆಗಳ ಮೇಲಿದ್ದ ದೊಡ್ಡ ಆಕ್ಷೇಪವೆಂದರೆ ಬೀಜ ಮಾರುವ ಕಂಪೆನಿಯೇ ಅವನ್ನು ಒದಗಿಸಿದ್ದು. ಸ್ವತಂತ್ರ ಪರೀಕ್ಷೆ ಬೇಕು ಎಂದು ಜೈರಾಮ್ ರಮೇಶ್ ಹೇಳಿದ್ದೂ ಅದಕ್ಕೇ.

ಇನ್ನು ಬದನೆ ಬಿಟ್ಟು ಎಣ್ಣೆಗೆ ಬರೋಣ, ಅಡುಗೆ ಎಣ್ಣೆಗೆ. ದೇಶದ ಹತ್ತಿಯಲ್ಲಿ ಶೇಕಡಾ 90ಕ್ಕೂ ಹೆಚ್ಚು ಬಿಟಿ. ಹತ್ತಿಕಾಳಿನ ಎಣ್ಣೆ ಕರಿಯುವುದಕ್ಕೆ ಬಳಕೆಯಾಗುತ್ತದೆ, ಹಿಂಡಿ ಎಮ್ಮೆಗೆ ಹೋಗುತ್ತದೆ. ಅರ್ಜೆಂಟೀನ, ಬ್ರೆಜಿಲ್‌ಗಳಿಂದ ಬರುವ ಸೋಯಾ ಎಣ್ಣೆ ಬಹುಪಾಲು ಜಿಎಂ ಸೋಯಾದ್ದು. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಕೋಳಿ ಮೇವಿಗೆಂದು 12 ಲಕ್ಷ ಟನ್ ಜಿಎಂ ಸೋಯಾ ಹಿಂಡಿ ತರಿಸಲು ಅನುಮತಿ ಕೊಟ್ಟಿತು. ಜಿಎಂ ಮೇವು ತಿಂದ ಕೋಳಿ ಜಿಎಂ ಕೋಳಿಯಾಗುವುದಿಲ್ಲ, ಶುದ್ಧೀಕರಿಸಿದ ಎಣ್ಣೆಯಲ್ಲಿ ಪ್ರೋಟೀನ್ ಉಳಿಯುವುದೂ ತೀರಾ ಕಡಿಮೆ. ಆದ್ದರಿಂದ ನಾಳೆಯ ಸಮೋಸ ಎಸೆಯಬೇಕಾಗಿಲ್ಲ. ನಮ್ಮ ತಕರಾರು ಬೇರೆ. ಯಾರಾದರೂ ನಮಗೆ ಹೇಳಿದರೇ?

ಬ್ಯಾರಿ ಮನೆಗಳಿಗೆ ಪೊಟ್ಟಣ ತಿರುಗಿಸಿ ಓದುವುದು ಹೊಸ ಅಭ್ಯಾಸವಲ್ಲ. ಗಲ್ಫಿನಿಂದ ಬಂದ ಚಾಕೊಲೇಟಾದರೂ ಸರಿ, ಪೇಟೆಯ ಜೆಲ್ಲಿಯಾದರೂ ಸರಿ, ಜೆಲಾಟಿನ್ ಯಾವುದರದ್ದು ಎಂದು ನಮ್ಮ ಹೆಣ್ಣುಮಕ್ಕಳು ಮೊದಲು ನೋಡುತ್ತಾರೆ. ತರಕಾರಿಗೆ ಹಂದಿಯ ವಂಶವಾಹಿ ಸೇರಿಸಿದ್ದಾರೆ ಎಂಬ ಸಂದೇಶ ನಮ್ಮಲ್ಲಿ ಅಷ್ಟು ಬೇಗ ಹರಡುವುದೂ ಇದೇ ಕಾರಣಕ್ಕೆ. ಅಂಥ ತರಕಾರಿ ನಮ್ಮ ಮಾರುಕಟ್ಟೆಯಲ್ಲಿಲ್ಲ. ಆದರೆ ಪೂರ್ತಿ ಕಟ್ಟುಕತೆ ಎಂದು ನಗುವವರು ಇದನ್ನೂ ಕೇಳಬೇಕು: ಹಂದಿಯ ಪ್ರೋಟೀನ್ ತಯಾರಿಸುವ ಸೋಯಾ ಗಿಡವೊಂದನ್ನು ಒಂದು ಕಂಪೆನಿ ರೂಪಿಸಿದೆ. ಅದನ್ನು ಬೆಳೆಯಲು ಅಡ್ಡಿಯಿಲ್ಲ ಎಂದು ಅಮೆರಿಕದ ಕೃಷಿ ಇಲಾಖೆ 2024ರಲ್ಲಿ ಹೇಳಿದೆ. ಭಾರತದಲ್ಲಿ ಅದಕ್ಕೆ ಅನುಮತಿಯಿಲ್ಲ. ಅಂಥದ್ದು ಮುಂದೆ ಯಾವತ್ತಾದರೂ ಬಂದರೆ, ನಮ್ಮವರಿಗೂ ಸಸ್ಯಾಹಾರಿ ನೆರೆಯವರಿಗೂ ಗೊತ್ತಾಗುವುದು ಪೊಟ್ಟಣದ ಮೇಲೆ ಬರೆದಿದ್ದರೆ ಮಾತ್ರ.

ಬರೆಯಬೇಕೆಂಬ ನಿಯಮ ಇಲ್ಲದಿಲ್ಲ. 2013ರ ಜನವರಿ 1ರಿಂದ, ಕುಲಾಂತರಿ ಆಹಾರವಿರುವ ಪೊಟ್ಟಣದ ಮೇಲೆ 'ಜಿಎಂ' ಎಂದು ಮುದ್ರಿಸಬೇಕು. ಊರಿಗೆ ಮರಳಿದ ಮೇಲೆ ನಾವು ಮೂರು ಅಂಗಡಿಗಳಲ್ಲಿ ಸೋಯಾ ಎಣ್ಣೆಯ ಪೊಟ್ಟಣಗಳನ್ನು ತಿರುಗಿಸಿ ನೋಡಿದೆವು. ಆ ಅಕ್ಷರಗಳು ಎಲ್ಲೂ ಕಾಣಲಿಲ್ಲ. ಶೇಕಡಾ 1 ಅಥವಾ ಹೆಚ್ಚು ಜಿಎಂ ಅಂಶವಿದ್ದರೆ ನಮೂದಿಸಬೇಕು ಎಂಬ ಕರಡನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2021ರ ನವೆಂಬರ್‌ನಲ್ಲಿ ಹೊರಡಿಸಿತ್ತು. ಎಣ್ಣೆಯನ್ನು ಪರೀಕ್ಷಿಸಿ ಮೂಲ ಹೇಳುವುದು ಕಷ್ಟ. ಹಾಗಾಗಿ ಹಡಗಿನಿಂದ ಇಳಿಯುವಾಗಿನ ಕಾಗದವೇ ಅಂಗಡಿಯವರೆಗೆ ಬರಬೇಕು, ಅದೂ ಕನ್ನಡದಲ್ಲಿ, ಕನ್ನಡಕ ಹಾಕಿದ ಉಮ್ಮಂದಿರಿಗೆ ಓದಲು ಬರುವಷ್ಟು ದಪ್ಪಕ್ಷರದಲ್ಲಿ. ದಿನಸಿ, ಬೇಕರಿ, ಹೋಟೆಲು, ಕೋಳಿ ವ್ಯಾಪಾರದಲ್ಲಿ ನಮ್ಮವರು ಎಷ್ಟೊಂದು ಮಂದಿ ಇದ್ದಾರೆ. ಎಣ್ಣೆ ತಂದು ಹಾಕುವ ಏಜೆಂಟನನ್ನು ಅವರು ಕೇಳಿದರೆ, ನಾವು ಮನೆಯಲ್ಲಿ ಕುಳಿತು ನೂರು ಸಂದೇಶ ಕಳಿಸುವುದಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ಗೋಕಾಕದಿಂದ ಹೊರಡುವ ಹಿಂದಿನ ದಿನ ಹುಕ್ಕೇರಿಗೆ ಹೋಗಿದ್ದೆವು. ರಸ್ತೆಯ ಎರಡೂ ಕಡೆ ಮೊಣಕಾಲೆತ್ತರದ ಸೋಯಾ. 2021ರಲ್ಲಿ ಹಿಂಡಿ ಆಮದಿನ ಸುದ್ದಿ ಬಂದ ಹಂಗಾಮಿನಲ್ಲಿ ಧಾರಣೆ ಕುಸಿದದ್ದನ್ನು ಅಲ್ಲಿನ ರೈತರೊಬ್ಬರು ಇನ್ನೂ ಮರೆತಿಲ್ಲ. ಚಹಾ ಕುಡಿಯುತ್ತಾ, ನಾವು ಯಾವ ಊರಿನವರು, ಅಲ್ಲಿ ಯಾವ ಎಣ್ಣೆ ಬಳಸುತ್ತೇವೆ ಎಂದು ವಿಚಾರಿಸಿದರು. ಆಮೇಲೆ ಕೇಳಿದರು: "ನಮ್ಮ ಹೊಲದ ಸೋಯಾದ ಎಣ್ಣಿ ನಿಮ್ಮ ಮಂಗಳೂರಾಗ ಸಿಗತೈತೇನ್ರಿ, ಸಾಹೇಬ್ರ?"

ಸಿಗುತ್ತಿರಬಹುದು. ಸಿಕ್ಕರೂ ಅದು ಹುಕ್ಕೇರಿಯದ್ದೋ ಅರ್ಜೆಂಟೀನದ್ದೋ ಎಂದು ಪೊಟ್ಟಣ ನೋಡಿ ಹೇಳಲು ನಮಗೆ ಗೊತ್ತಾಗುವುದಿಲ್ಲ ಎಂದೆವು.