ಹಂದಿಯ ರೋಗಕ್ಕೆ ಔಷಧದಾನ, ಹಂದಿಯ ವಧೆಗೆ ವಿದ್ಯಾರ್ಥಿವೇತನವೇ?

ಹಂದನಕೆರೆಯ ತೆಂಗಿನ ತೋಟದ ಮನೆಯ ಹುಡುಗನೊಬ್ಬ ಹಾಸನದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ಪದವಿ ಮುಗಿಸಿ, ಸ್ನಾತಕೋತ್ತರ ವ್ಯಾಸಂಗಕ್ಕಾಗಿ ಜೈನ ಟ್ರಸ್ಟೊಂದಕ್ಕೆ ಅರ್ಜಿ ಹಾಕಿದನೆನ್ನೋಣ. ಅಧ್ಯಯನದ ವಿಷಯ: ಹಂದಿಯ ಆರೋಗ್ಯ ಮತ್ತು ಉತ್ಪಾದನೆ. ಸಭೆಯಲ್ಲಿ ಒಬ್ಬ ಧರ್ಮದರ್ಶಿಗಳು "ಹಂದಿಯೇ!" ಎಂದು ಅರ್ಜಿಯನ್ನು ಪಕ್ಕಕ್ಕೆ ಸರಿಸುವರು, ಇನ್ನೊಬ್ಬರು ವಿಷಯವನ್ನೇ ಓದದೆ, ಅಂಕಪಟ್ಟಿ ನೋಡಿ ಸಹಿ ಹಾಕುವರು. ಇಬ್ಬರೂ ಶ್ರಾವಕಧರ್ಮಕ್ಕೆ ತಪ್ಪಿದವರೇ.

ಮೊದಲನೆಯವರು ಅಸಹ್ಯವನ್ನೇ ಅಹಿಂಸೆಯೆಂದು ತಿಳಿದಿದ್ದಾರೆ. ಹದಿಮೂರನೆಯ ತೀರ್ಥಂಕರ ವಿಮಲನಾಥ ಸ್ವಾಮಿಯ ಲಾಂಛನವೇ ವರಾಹ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ನಾಲ್ಕು ದಾನಗಳಿಗೆ ನಿದರ್ಶನ ಕೊಡುವಾಗ ಶ್ರೀಷೇಣ, ವೃಷಭಸೇನೆ, ಕೌಂಡೇಶರ ಸಾಲಿನಲ್ಲಿ ಸೂಕರವನ್ನೂ ನಿಲ್ಲಿಸಿದೆ. ಗುಹೆಯಲ್ಲಿದ್ದ ಮುನಿಗಳನ್ನು ಕೊಲ್ಲಬಂದ ಹುಲಿಯೊಡನೆ ಹೋರಾಡಿ, ಪ್ರಾಣಬಿಟ್ಟು ಸ್ವರ್ಗಕ್ಕೆ ಸಂದ ಹಂದಿ ಅದು. ಆ ಪ್ರಾಣಿಯ ಹೆಸರೆತ್ತಲು ನಾಚುವ ಧರ್ಮದರ್ಶಿಗಳು ಯಾವ ಶಾಸ್ತ್ರವನ್ನು ಓದಿದ್ದಾರೆ?

2020ರಲ್ಲಿ ಆಫ್ರಿಕನ್ ಹಂದಿಜ್ವರ ಅಸ್ಸಾಂ, ಅರುಣಾಚಲಗಳಲ್ಲಿ ಕಾಣಿಸಿಕೊಂಡಿತು. ಅದಕ್ಕೆ ಚಿಕಿತ್ಸೆಯಿಲ್ಲ. ರೋಗ ದೃಢಪಟ್ಟ ಸ್ಥಳದ ಸುತ್ತ 1 ಕಿಲೋಮೀಟರಿನೊಳಗಿನ ಹಂದಿಗಳನ್ನು, ರೋಗವಿರಲಿ ಇಲ್ಲದಿರಲಿ, ಕೊಂದು ಹೂಳುವುದೇ ಕ್ರಮ. 1998-99ರಲ್ಲಿ ಮಲೇಷ್ಯಾದಲ್ಲಿ ನಿಪಾ ಸೋಂಕು ಹಂದಿಗಳಿಂದ ಮನುಷ್ಯರಿಗೆ ಹರಡಿ ನೂರಕ್ಕೂ ಹೆಚ್ಚು ಜನ ಸತ್ತರು. ಸುಮಾರು 10 ಲಕ್ಷ ಹಂದಿಗಳನ್ನು ಕೊಲ್ಲಲಾಯಿತು. ಇಂಥ ರೋಗವನ್ನು ಬೇಗ ಗುರುತಿಸಿ ತಡೆಯಬಲ್ಲ ವೈದ್ಯನ ಓದಿಗೆ ಕೊಡುವ ಹಣ ಔಷಧದಾನವಲ್ಲದೆ ಮತ್ತೇನು? ಗುಣವಾದ ಹಂದಿಯೂ ಕಟುಕನ ಪಾಲಾಗುವುದೆಂಬ ಆಕ್ಷೇಪ ಬರುತ್ತದೆ. ಆ ಪಾಪ ಕೊಲ್ಲುವವನದು, ಕೊಲ್ಲಿಸುವವನದು, ಮೆಚ್ಚುವವನದು, ನೋವು ನೀಗಿದವನದಲ್ಲ.

'ಉತ್ಪಾದನೆ'ಯ ಮಾತು ಬೇರೆ. ಒಂದು ಸೂಲಿಗೆ ಎಷ್ಟು ಮರಿ, ಎಷ್ಟು ಮೇವಿಗೆ ಎಷ್ಟು ತೂಕ, ಎಷ್ಟು ಬೇಗ ವಧೆಗೆ ಸಿದ್ಧ: ಇದು ಅಲ್ಲಿನ ಲೆಕ್ಕ. ಕೃಷಿ ವಾಣಿಜ್ಯಗಳಲ್ಲಿ ತಪ್ಪಿಸಲಾಗದೆ ಆಗುವ ಉದ್ಯೋಗೀ ಹಿಂಸೆಯ ನೆಪ ಇದಕ್ಕೆ ಸಲ್ಲದು. ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ಇಂಥ ವಿದ್ಯಾರ್ಥಿವೇತನ ಅನುಮೋದನೆಯನ್ನೂ ದಾಟಿ ಕಾರಿತದ ಹೊಸ್ತಿಲಲ್ಲಿದೆ. (ಗಾಣದಿಂದ ಬಂದ ಕೊಬ್ಬರಿ ಹಿಂಡಿ ಯಾವ ಕೊಟ್ಟಿಗೆಗೆ ಹೋಗುತ್ತದೆಂದು ತಿಪಟೂರು ಸೀಮೆಯ ವ್ಯಾಪಾರಿ ಕೇಳುವುದಿಲ್ಲ. ಅದೂ ಒಮ್ಮೆ ವಿಚಾರಿಸಬೇಕಾದ ಸಂಗತಿಯೇ.) ಟ್ರಸ್ಟು ಕೈಬಿಟ್ಟರೆ ಆ ವಿದ್ಯೆಯೇನೂ ಅನಾಥವಾಗದು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಹಂದಿಗಾಗಿಯೇ 2002ರಲ್ಲಿ ಗುವಾಹಟಿಯ ಬಳಿ ರಾಷ್ಟ್ರೀಯ ಸಂಶೋಧನಾ ಕೇಂದ್ರ ತೆರೆದಿದೆ.

ಎರಡೂ ಒಂದರಲ್ಲೊಂದು ಬೆರೆತಿವೆಯಲ್ಲ ಎನ್ನುವವರು ವಿಶ್ವವಿದ್ಯಾಲಯದ ವಿಭಾಗಗಳನ್ನು ನೋಡಬೇಕು. ರೋಗಶಾಸ್ತ್ರ, ಸೂಕ್ಷ್ಮಾಣುಜೀವಿಶಾಸ್ತ್ರ ಒಂದು ಕಡೆ. ಪಶು ಉತ್ಪಾದನೆ ಮತ್ತು ನಿರ್ವಹಣೆ ಇನ್ನೊಂದು ಕಡೆ. ಅರ್ಜಿಯೊಡನೆ ಮಹಾಪ್ರಬಂಧದ ಶೀರ್ಷಿಕೆಯನ್ನೂ ಮಾರ್ಗದರ್ಶಕರ ಪತ್ರವನ್ನೂ ಕೇಳಿದರೆ ಸಾಕು. ಪ್ರಯೋಗಕ್ಕೆಂದು ಪ್ರಾಣಿಗೆ ರೋಗ ಹಚ್ಚುವ ಅಧ್ಯಯನವನ್ನೂ ಬಿಡಬೇಕು. ಹುಡುಗ ಉತ್ಪಾದನೆಯನ್ನು ಆರಿಸಿಕೊಂಡರೆ ಕಾರಣ ತಿಳಿಸಿ ಪತ್ರ ಬರೆಯಲಿ. ಮೌನದಿಂದ ಅವಮಾನಿಸುವುದು ಬೇಡ. ಚಿಕಿತ್ಸೆಯನ್ನು ಆರಿಸಿಕೊಂಡರೆ ಎರಡು ವರ್ಷದ ವೇತನ ಪೂರ್ತಿ ಕೊಡಲಿ, ಮತ್ತು ವಾರ್ಷಿಕ ವರದಿಯಲ್ಲಿ ಅವನ ಹೆಸರಿನ ಮುಂದೆ 'ಹಂದಿ' ಎಂಬ ಪದವನ್ನು ಮರೆಮಾಡದೆ ಅಚ್ಚುಹಾಕಿಸಲಿ.